ಕಂಪ್ಯೂಟರ್ ತೆವಳುವುದೇಕೆ?

ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನವಾಗಿರುತ್ತದೆ. ಪುಟ ತೆರೆಯುವುದಿಲ್ಲ, ಮೌಸ್ ಅಲುಗಾಡುವುದಿಲ್ಲ, ಪೆಟ್ಟಿಗೆಯೊಳಗಿಂದ ಕರಕರ ಸದ್ದು ಮಾತ್ರ ಕೇಳಿಸುತ್ತದೆ. “ಇದು ಹಳತಾಯ್ತು, ಹೊಸದು ತರೋಣ” ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ. ಸಹೋದರಿಯರೇ, ಅಷ್ಟು ಹಣ ಎತ್ತಿಡುವ ಮುನ್ನ ರ‍್ಯಾಮ್ ಎಷ್ಟಿದೆಯೆಂದು ನೋಡಿ.

“500 ಜಿಬಿ ಮೆಮೊರಿ” ಎಂದು ಅಂಗಡಿಯವರು ಹೇಳುವುದು ಹಾರ್ಡ್ ಡಿಸ್ಕಿನ ಲೆಕ್ಕ. ಅದು ನಿಮ್ಮ ಉಗ್ರಾಣ. ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಸದ್ಯ ಬೇಕಾದ ಪಾತ್ರೆ, ಮಸಾಲೆ ಎಲ್ಲವೂ ಕೈಗೆ ಸಿಗುವಂತೆ ಇರುವುದು ಅಲ್ಲಿ. ಕಟ್ಟೆ ಕಿರಿದಾದರೆ ಒಂದನ್ನು ಒಳಗಿಟ್ಟು ಬಂದೇ ಇನ್ನೊಂದನ್ನು ತರಬೇಕು. ವಿಂಡೋಸ್ ಮಾಡುವುದೂ ಇದನ್ನೇ. ರ‍್ಯಾಮ್ ತುಂಬಿದಾಗ ಅದರಲ್ಲಿದ್ದುದನ್ನು ಡಿಸ್ಕಿನ ‘ಪೇಜ್ ಫೈಲ್’ಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ತಿರುಗುವ ಡಿಸ್ಕಿನಲ್ಲಿ ಒಂದು ಮಾಹಿತಿ ಹುಡುಕಲು ರ‍್ಯಾಮ್‌ಗಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟು ಹೊತ್ತೂ ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ಆ ಕರಕರ ಸದ್ದು ಹೆಚ್ಚಾಗಿ ಈ ಓಡಾಟದ್ದೇ.

ಮದುವೆಯ ಫೋಟೋಗಳನ್ನು ಅಳಿಸಿದರೆ ವೇಗ ಬರುತ್ತದೆಂದು ನಂಬಿದವರಿದ್ದಾರೆ. ಪಾಪ, ಫೋಟೋ ಹೋಗುತ್ತದೆ, ರ‍್ಯಾಮ್ ಇದ್ದಷ್ಟೇ ಇರುತ್ತದೆ.

ಕಂಪ್ಯೂಟರ್ ಕೆಡದಿದ್ದರೂ ಕಟ್ಟೆ ಸಾಲದಾಗುವುದುಂಟು. 2001ರ ವಿಂಡೋಸ್ ಎಕ್ಸ್‌ಪಿಗೆ 64 ಎಂಬಿ ಇದ್ದರೆ ನಡೆಯುತ್ತಿತ್ತು. 2021ರ ವಿಂಡೋಸ್ 11 ಕನಿಷ್ಠ 4 ಜಿಬಿ ಕೇಳುತ್ತದೆ, ಅಂದರೆ 64 ಪಟ್ಟು! ಬ್ರೌಸರಿನಲ್ಲಿ ತೆರೆದಿಟ್ಟ ಒಂದೊಂದು ಪುಟವೂ ತನ್ನ ಪಾಲು ತಿನ್ನುತ್ತದೆ.

ನೀವೇ ಪರೀಕ್ಷಿಸಬಹುದು. ದಿನವೂ ಬಳಸುವ ಕೆಲಸಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ನೋಡಿ. ಸದಾ ಶೇ. 90ರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಅರ್ಧವೂ ತುಂಬಿಲ್ಲವೆಂದರೆ ಇನ್ನಷ್ಟು ಹಾಕಿಸುವುದು ದುಡ್ಡು ದಂಡ. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವ ಬಗ್ಗೆ ವಿಚಾರಿಸಿ.

ಖರೀದಿಗೆ ಮುನ್ನ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ ಕೇಳಿಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ವಿಂಡೋಸ್ 32 ಬಿಟ್‌ನದ್ದಾದರೆ ಸಾಮಾನ್ಯವಾಗಿ 4 ಜಿಬಿಗಿಂತ ಹೆಚ್ಚು ಹಾಕಿಸಿ ಪ್ರಯೋಜನವಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಅದೇ ‘ಮೆಮೊರಿ’ ಪುಟದ ಕೆಳಗೆ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದೂ ಇರುತ್ತದೆ. ಎರಡರಲ್ಲಿ ಒಂದು ಖಾಲಿಯಿದ್ದರೆ ಹಳೆಯದನ್ನು ತೆಗೆಯದೆಯೇ ಹೊಸದನ್ನು ಸೇರಿಸಬಹುದು.