ಕಿಡಿ ಎಲ್ಲಿ ಹೋಯಿತು?

ಮಳೆಗಾಲದ ಬೆಳಿಗ್ಗೆ ಅಜ್ಜನ ಹಳೇ ಪೆಟ್ರೋಲ್ ಅಂಬಾಸಿಡರ್ ಬರೀ ‘ಕರ್ರ್ ಕರ್ರ್’ ಅನ್ನುತ್ತಿದೆಯೇ? ಮಕ್ಕಳೇ, ಬ್ಯಾಟರಿಯನ್ನು ಬೈಯಬೇಡಿ. ಎಂಜಿನ್ ಚುರುಕಾಗಿ ತಿರುಗುತ್ತಿದ್ದರೆ, ಪೆಟ್ರೋಲೂ ಇದ್ದರೆ, ಅನುಮಾನ ಕಿಡಿಯ ಮೇಲೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅದನ್ನು 1-3-4-2ರ ಸರದಿಯಲ್ಲಿ ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ಟೋಕನ್ ನೋಡಿ ಹಣ ಕೊಡುವ ನಮ್ಮ ಕ್ಯಾಷಿಯರ್ ಇದ್ದ ಹಾಗೆ. ಅದರ ಮುಚ್ಚಳದೊಳಗೆ ತೇವ ಕೂತರೆ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ.

ಅಜ್ಜಂದಿರೇ, ಕೀ ತೆಗೆದು, ಮುಚ್ಚಳ ಬಿಚ್ಚಿ, ಒಣಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ. ಬಿರುಕಿದ್ದರೆ ಹೊಸದೇ ಬೇಕು. ಆಮೇಲೆ ಪಾಯಿಂಟ್ ನೋಡಿ: ತೆರೆದಾಗ ಸುಮಾರು 0.4 ಮಿ.ಮೀ. ಸಂದು ಇರಬೇಕು. ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರನ್ನು ಪರೀಕ್ಷಿಸಿ. ಮೊಮ್ಮಕ್ಕಳು ಟಾರ್ಚ್ ಹಿಡಿಯಲಿ. ಸ್ಟಾರ್ಟ್ ಮಾಡುವಾಗ ಮಾತ್ರ ಪ್ಲಗ್ ವೈರಿನ ಹತ್ತಿರ ಯಾರ ಕೈಯೂ ಇರಕೂಡದು.