ಕಣಕ ಯಾರದು, ಹೂರಣ ಯಾರದು?

‘ಕರ್ನಾಟಕದ ಸಾಂಪ್ರದಾಯಿಕ ತಿನಿಸುಗಳಿಗೆ ಮಾತ್ರ ಅವಕಾಶ.’ ಗುಜರಾತಿನ ನಮ್ಮದೊಂದು ಕನ್ನಡ ಸಂಘ ರಾಜ್ಯೋತ್ಸವದ ಅಡುಗೆ ಸ್ಪರ್ಧೆಗೆ ಕಳಿಸುವ ವಾಟ್ಸಾಪ್ ಸಂದೇಶದಲ್ಲಿ ಈ ಸಾಲು ಪ್ರತಿ ವರ್ಷ ಇರುತ್ತದೆ. ಈ ಸಾಲನ್ನು ತೆಗೆದುಹಾಕಬೇಕು ಅನ್ನುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹೋದ ಸಲ ವಡೋದರಾದಲ್ಲಿ ಕೆಲಸ ಮಾಡುವ ದಾವಣಗೆರೆಯ ಹುಡುಗಿಯೊಬ್ಬಳು ಸೇಬಿನ ಟಾರ್ಟ್ ತಂದಿದ್ದಳು. ಡಬ್ಲಿನ್‌ನಲ್ಲಿ ಓದುವಾಗ ಮನೆಯೊಡತಿಯಿಂದ ಕಲಿತದ್ದಂತೆ. ಹಿರಿಯರೊಬ್ಬರು ‘ಇದು ನಮ್ಮದಲ್ಲವಲ್ಲಮ್ಮಾ’ ಎಂದು ಮೇಜಿನ ತುದಿಗೆ ಸರಿಸಿದರು. ಪಕ್ಕದಲ್ಲಿದ್ದ, ವಿದೇಶ ಸುತ್ತಿಬಂದ ಮಹನೀಯರು ‘ಬ್ರಾಮ್ಲಿ ಸೇಬಿಲ್ಲದೆ ಮಾಡಿದ್ದು ಐರಿಷ್ ಕೂಡ ಅಲ್ಲ’ ಎಂದು ತೀರ್ಪು ಕೊಟ್ಟರು. ಒಂದೇ ತಟ್ಟೆಗೆ ಎರಡು ದೇಶದಿಂದ ಗಡೀಪಾರು! ಮಧ್ಯಾಹ್ನದ ಊಟದಲ್ಲಿ ಪನೀರ್ ಮಸಾಲೆಯೂ ಇತ್ತು, ಜಿಲೇಬಿಯೂ ಇತ್ತು. ಅವುಗಳ ಪೌರತ್ವವನ್ನು ಯಾರೂ ಕೇಳಲಿಲ್ಲ.

ಮೊದಲು ಆ ಎರಡನೆಯವರ ವಿಚಾರ ಮುಗಿಸೋಣ. ಬ್ರಾಮ್ಲಿ ಹುಳಿ ಸೇಬು, ಬೇಯಿಸಿದರೆ ಕರಗಿ ಮುದ್ದೆಯಾಗುತ್ತದೆ, ಟಾರ್ಟಿಗೆ ಹೇಳಿ ಮಾಡಿಸಿದ್ದು. ಒಪ್ಪಿದೆ. ಆದರೆ ಅದರ ಹುಟ್ಟು ಐರ್ಲೆಂಡಿನದಲ್ಲ. 1809ರಲ್ಲಿ ಇಂಗ್ಲೆಂಡಿನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಹಿತ್ತಲಲ್ಲಿ ನೆಟ್ಟ ಬೀಜದ ಗಿಡ ಅದು. ಮುಂದೆ ಆ ಮನೆ ಕೊಂಡ ಕಟುಕನ ಹೆಸರು ಹಣ್ಣಿಗೆ ಬಿತ್ತು. ನೆಟ್ಟವಳ ಹೆಸರು ಬೀಳಲಿಲ್ಲ, ಅದು ಬೇರೆ ಕತೆ. ಇವತ್ತು ಬ್ರಾಮ್ಲಿಗೆ ಹೆಸರಾದ ಐರ್ಲೆಂಡಿನ ಆರ್ಮಾ ಜಿಲ್ಲೆಗೆ ಅದು ಬಂದದ್ದು 1884ರಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಹೆಂಗಸರು ಹಿತ್ತಲಲ್ಲಿ ಯಾವ ಸೇಬು ಬಿದ್ದಿತ್ತೋ ಅದನ್ನೇ ಹೆಚ್ಚಿ ಹಾಕುತ್ತಿದ್ದರು. ನಮ್ಮ ಹುಡುಗಿಯೂ ಅದನ್ನೇ ಮಾಡಿದ್ದಾಳೆ. ಮಾರುಕಟ್ಟೆಯಲ್ಲಿ ಸಿಕ್ಕ ಹಿಮಾಚಲದ ಸಿಹಿ ಸೇಬಿಗೆ ಎರಡು ನಿಂಬೆಹಣ್ಣು ಹಿಂಡಿ, ಸಕ್ಕರೆ ಕಡಿಮೆ ಮಾಡಿದ್ದಾಳೆ.

ಇನ್ನು ‘ನಮ್ಮದಲ್ಲ’ ಅನ್ನುವ ಮಾತು. ಟಾರ್ಟ್ ಎಂದರೇನು? ಅಳತೆ ಹೇಳುತ್ತೇನೆ, ನೀವೇ ನೋಡಿ. 225 ಗ್ರಾಂ ಮೈದಾ, ಅದರ ಅರ್ಧದಷ್ಟು ತಣ್ಣನೆಯ ಬೆಣ್ಣೆ. ಬೆರಳ ತುದಿಯಲ್ಲಿ ಉಜ್ಜಿ ರವೆಯ ಹಾಗೆ ಮಾಡಿ, ಮೂರು ನಾಲ್ಕು ಚಮಚ ತಣ್ಣೀರಲ್ಲಿ ಕಲಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ನಾದಬಾರದು, ನಾದಿದರೆ ಚರ್ಮದಂತಾಗುತ್ತದೆ. ಎರಡು ಭಾಗ ಮಾಡಿ ಲಟ್ಟಿಸಿ, ಒಂದನ್ನು ಊಟದ ತಟ್ಟೆಯ ಮೇಲೆ ಹಾಸಿ, ಮುಕ್ಕಾಲು ಕಿಲೋದಷ್ಟು ಹೆಚ್ಚಿದ ಸೇಬು, ಸಕ್ಕರೆ, ನಾಲ್ಕು ಲವಂಗ ಹಾಕಿ, ಇನ್ನೊಂದನ್ನು ಮುಚ್ಚಿ, ಅಂಚನ್ನು ಕರಿಗಡುಬಿನ ಹಾಗೆ ಒತ್ತಬೇಕು. ಮೇಲೊಂದು ಸೀಳು, ಆವಿ ಹೋಗಲು. 200 ಡಿಗ್ರಿಯಲ್ಲಿ ಕಾಲು ಗಂಟೆ, ಆಮೇಲೆ 180ರಲ್ಲಿ ಅರ್ಧ ಗಂಟೆ. ಐರಿಷ್ ಟಾರ್ಟಿಗೆ ವಿಶೇಷ ಅಚ್ಚು ಬೇಡ. ಬಿಸಿ ತಡೆಯುವ ಊಟದ ತಟ್ಟೆಯೇ ಅದರ ಅಚ್ಚು, ನಮ್ಮ ಸ್ಟೀಲ್ ತಟ್ಟೆ ಧಾರಾಳವಾಗಿ ಆಗುತ್ತದೆ. ಈ ಸಾದಾ ಕಣಕಕ್ಕೆ ಮೊಟ್ಟೆಯೂ ಬೇಕಿಲ್ಲ. ಬಣ್ಣಕ್ಕೆಂದು ಮೇಲೆ ಮೊಟ್ಟೆ ಸವರುವವರಿದ್ದಾರೆ, ಹಾಲು ಸವರಿದರೆ ಸಾಕು. ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಕಂಡರೆ ಮನೆ ಖಾಲಿ ಮಾಡಿ ಅನ್ನುವ ಮಾಲೀಕರ ಕೆಳಗೆ ಬದುಕುವ ನಮ್ಮಂಥ ಬಾಡಿಗೆದಾರರಿಗೆ ಇದು ಸಣ್ಣ ವಿಷಯವಲ್ಲ.

ಕಣಕ, ಹೂರಣ, ಲಟ್ಟಿಸುವುದು, ಅಂಚು ಒತ್ತುವುದು. ಇದರಲ್ಲಿ ಯಾವ ಕೆಲಸ ನಮ್ಮಮ್ಮಂದಿರಿಗೆ ಗೊತ್ತಿಲ್ಲದ್ದು?

‘ಓವನ್’ ಅನ್ನುತ್ತೀರಿ. ಓವನ್ ಇಲ್ಲದ ಐರಿಷ್ ಹಳ್ಳಿಮನೆಗಳಲ್ಲಿ ಬಾಸ್ಟಿಬಲ್ ಎಂಬ ಕಬ್ಬಿಣದ ದಪ್ಪ ಪಾತ್ರೆಯಿತ್ತು. ಅದನ್ನು ಒಲೆಯ ಬೆಂಕಿಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ನಮ್ಮ ಕರಾವಳಿಯವರು ಕೆಂಡದಡ್ಯೆ ಮಾಡುವುದು ಹೇಗೆ? ಬಾಳೆಲೆ ಹಾಸಿದ ಪಾತ್ರೆಗೆ ಹಿಟ್ಟು ಹುಯ್ದು, ಕೆಳಗೂ ಕೆಂಡ, ಮೇಲೂ ಕೆಂಡ. ನಮ್ಮ ಪಕ್ಕದ ಮನೆಯ ಗುಜರಾತಿ ಬಾ ಹಾಂಡ್ವೊ ಮಾಡುವ ಹಳೆಯ ಅಲ್ಯುಮಿನಿಯಂ ಕುಕ್ಕರಿನ ತಳದಲ್ಲಿ ಮರಳಿರುತ್ತದೆ, ಕೆಳಗೆ ಗ್ಯಾಸ್ ಉರಿ. ಮೂರು ಊರಿನ ಬಡ ಅಡುಗೆಮನೆಗಳು ಒಂದನ್ನೊಂದು ಕೇಳದೆಯೇ ಹೆಚ್ಚುಕಡಿಮೆ ಒಂದೇ ಉಪಾಯ ಕಂಡುಕೊಂಡಿವೆ.

ಇಷ್ಟಕ್ಕೂ ‘ಇದು ನಮ್ಮದಲ್ಲ’ ಎಂದ ಹಿರಿಯರು ಬೆಂಗಳೂರಿಗೆ ಹೋದಾಗಲೆಲ್ಲ ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ಕಟ್ಟಿಸಿಕೊಂಡು ಬರುತ್ತಾರೆ. ದಿಲ್‌ಪಸಂದ್ ಏನು? ಕೆಳಗೊಂದು ಕಣಕ, ಮೇಲೊಂದು ಕಣಕ, ನಡುವೆ ಕಾಯಿತುರಿ, ಸಕ್ಕರೆ, ಟೂಟಿಫ್ರೂಟಿ. ದುಂಡಗೆ ಬೇಯಿಸಿ ತ್ರಿಕೋನವಾಗಿ ಕತ್ತರಿಸಿದ್ದು. ಸೇಬಿನ ಜಾಗದಲ್ಲಿ ತೆಂಗಿನಕಾಯಿ ಬಂದ ಟಾರ್ಟ್ ಅದು, ಮತ್ತೇನಲ್ಲ! ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯ ಬಳಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಅಂದಿನ ಮಡಿವಂತರ ಕಣ್ಣಲ್ಲಿ ಬ್ರೆಡ್ಡು ಮ್ಲೇಚ್ಛರ ತಿಂಡಿ. ಇವತ್ತು ಖಾರಾ ಬನ್ ನಮಗೆ ತವರಿನ ನೆನಪು. ಅಂದು ಯಾವುದಾದರೂ ಸಂಘ ‘ಸಾಂಪ್ರದಾಯಿಕ ಮಾತ್ರ’ ಎಂದಿದ್ದು, ಅದನ್ನು ಊರು ಕೇಳಿದ್ದರೆ ಈ ನೆನಪು ಎಲ್ಲಿರುತ್ತಿತ್ತು?

ದೂರ ಯಾಕೆ, ಸೂರತ್ತಿಗೇ ಬನ್ನಿ. ಅಲ್ಲಿನವರು ಹೆಮ್ಮೆಯಿಂದ ಹೇಳುವ ಕತೆಯಿದೆ. ಡಚ್ಚರು ಊರು ಬಿಡುವಾಗ ತಮ್ಮ ಬೇಕರಿಯನ್ನು ಪಾರ್ಸಿ ಕೆಲಸಗಾರನಿಗೆ ವಹಿಸಿ ಹೋದರು. ಹೆಂಡದಲ್ಲಿ ಹುದುಗಿಸಿದ ಬ್ರೆಡ್ಡನ್ನು ಊರಿನವರು ಮುಟ್ಟಲಿಲ್ಲ. ದೋಟಿವಾಲಾ ಆ ಹಿಟ್ಟನ್ನೂ ಒಣಗಿ ಉಳಿದ ಬ್ರೆಡ್ಡನ್ನೂ ಬದಲಿಸುತ್ತ ಬದಲಿಸುತ್ತ ಬಿಸ್ಕತ್ತಿಗೆ, ನಾನ್‌ಖಟಾಯಿಗೆ ತಂದು ನಿಲ್ಲಿಸಿದರು. ಕತೆಯಲ್ಲಿ ಉಪ್ಪುಖಾರ ಎಷ್ಟೇ ಇರಲಿ, ನಾನ್‌ಖಟಾಯಿ ಈಗ ಸೂರತ್ತಿನದು. ಅದು ಡಚ್ಚರದೋ ಇರಾನಿನದೋ ಎಂದು ಯಾವ ಸೂರ್ತಿಯೂ ಕೇಳುವುದಿಲ್ಲ.

ಬೆಣ್ಣೆಯ ಮಾತನ್ನೂ ಆಡಿಬಿಡುತ್ತೇನೆ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅಮೂಲ್-ನಂದಿನಿ ಜಗಳವಾದಾಗ ನಮ್ಮ ಗುಂಪಿನಲ್ಲೂ ಕಾವೇರಿದ ಸಂದೇಶಗಳು ಹರಿದಾಡಿದವು. ಕಳಿಸಿದವರ ಫ್ರಿಜ್‌ನಲ್ಲಿ ಇದ್ದದ್ದು ಅಮೂಲ್, ಇಲ್ಲಿ ಇನ್ನೇನು ಇರುತ್ತದೆ? ನಂದಿನಿಯನ್ನು ಉಳಿಸಿಕೊಳ್ಳಬೇಕೆಂಬ ಕಾಳಜಿ ನನಗೂ ಇದೆ. ಆದರೆ ಆ ಅಮೂಲನ್ನು ಬೆಳೆಸಿದ ಕುರಿಯನ್ ಕೋಳಿಕ್ಕೋಡಿನವರು, ಹೈನುಗಾರಿಕೆಯ ಮೊದಲ ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, 1949ರಲ್ಲಿ ಆಣಂದಕ್ಕೆ ಬಂದು ಅಲ್ಲೇ ಉಳಿದವರು. ನಮ್ಮ ಹಾಗೆ ವಲಸಿಗರೇ. (ಅಂದಹಾಗೆ ಅಮೂಲ್ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಕಣಕಕ್ಕೆ ಬೇರೆ ಉಪ್ಪು ಹಾಕಬೇಡಿ.)

ನಿಯಮದ ಪರವಾಗಿ ಒಂದು ಒಳ್ಳೆಯ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಎಣ್ಣೆಗಾಯಿ ಗೊತ್ತಿಲ್ಲ, ಮುದ್ದೆ ನುಂಗಲು ಬರುವುದಿಲ್ಲ, ವರ್ಷಕ್ಕೊಂದು ದಿನವಾದರೂ ನಮ್ಮದನ್ನು ನೋಡಲಿ ಎನ್ನುತ್ತಾರೆ. ಕಳವಳ ನಿಜ. ಆದರೆ ಈ ನಿಯಮದಿಂದ ಆದದ್ದೇನು? ಸ್ಪರ್ಧೆಯ ಮೇಜಿನ ಮೇಲೆ ಹುಬ್ಬಳ್ಳಿಯಿಂದ ಕೊರಿಯರ್‌ನಲ್ಲಿ ಬಂದ ಹೋಳಿಗೆ, ಪ್ಯಾಕೆಟ್ಟಿನ ಪುಡಿಯಲ್ಲಿ ಮಾಡಿದ ಬಿಸಿಬೇಳೆಬಾತ್. ಅವು ಸಾಂಪ್ರದಾಯಿಕ, ಆದ್ದರಿಂದ ಅರ್ಹ. ಬೆಳಿಗ್ಗೆ ಐದಕ್ಕೆದ್ದು, ಬೆಣ್ಣೆ ಕರಗುವ ಮುನ್ನ ಹಿಟ್ಟು ಉಜ್ಜಿದವಳು ಅನರ್ಹಳು. ಅವಳು ಈ ವರ್ಷ ಸಂಘದ ಗುಂಪಿನಿಂದ ಹೊರಗೆ ಹೋಗಿದ್ದಾಳೆ. ಇಪ್ಪತ್ತರ ಆಸುಪಾಸಿನವರು ಸಂಘಕ್ಕೆ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಕೊರಗುವವರು ಇವರೇ.

ನಿಯಮ ಹೀಗಿರಲಿ: ತಂದವರೇ ಕೈಯಾರೆ ಮಾಡಿರಬೇಕು, ಹೇಗೆ ಮಾಡಿದ್ದೆಂದು ನಿಂತು ಕನ್ನಡದಲ್ಲಿ ಹೇಳಬೇಕು, ಕೇಳಿದವರಿಗೆ ಕಲಿಸಬೇಕು. ಅಷ್ಟೇ. ಟಾರ್ಟ್ ತಂದವಳಿಗೆ ಪಕ್ಕದ ಮೇಜಿನ ಶಿರಸಿಯ ಅಜ್ಜಿ ತೊಡದೇವು ಹುಯ್ಯುವುದನ್ನು ಕಲಿಸಲಿ, ಅಜ್ಜಿ ಬೇಕಿದ್ದರೆ ಟಾರ್ಟ್ ಕಲಿಯಲಿ. ಅಂಚು ಒತ್ತುವುದರಲ್ಲಿ ಅಜ್ಜಿಯೇ ಗೆಲ್ಲುತ್ತಾರೆ ಎಂದು ನನ್ನ ಊಹೆ.

ಹಿಮಾಚಲದ ಸೇಬು ಆಗಸ್ಟಿನಿಂದ ಮಾರುಕಟ್ಟೆಯಲ್ಲಿರುತ್ತದೆ. ನವೆಂಬರಿನ ಸಂದೇಶವನ್ನು ತಿದ್ದಲು ಕಾರ್ಯದರ್ಶಿಗಳಿಗೆ ಅಷ್ಟು ದಿನ ಸಾಲದೇ?