ಬುತ್ತಿಯ ಘಮಘಮ, ಕರಡಿಗೆ ಕರೆಯೋಲೆ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ಹಾವೇರಿ, ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಉಳವಿಯ ಮಾತು ಶುರುವಾಗುತ್ತದೆ. ಚನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿ ಕಟ್ಟುವುದು ಹಿರಿಯರಿಂದ ನಡೆದು ಬಂದ ಪದ್ಧತಿ. ಈಗ ಟ್ರ್ಯಾಕ್ಟರು, ಟೆಂಪೋಗಳೂ ಸೇರಿಕೊಂಡಿವೆ. ಚಿಕ್ಕೇರೂರಿನಂಥ ಊರಿನ ಕಿರಾಣಿ ಅಂಗಡಿಗಳಲ್ಲಿ ದಾರಿಯ ಬುತ್ತಿಗೆಂದು ಬೆಲ್ಲ, ಶೇಂಗಾ, ಎಳ್ಳು ಕಟ್ಟಿಸಿಕೊಳ್ಳುವವರು ಬರುವುದೂ ಆಗಲೇ.

ಬುತ್ತಿ ಕಟ್ಟುವವರಿಗೆ ಹೊಟ್ಟೆಯ ಲೆಕ್ಕ ಗೊತ್ತು, ದಾರಿಯ ಲೆಕ್ಕ ಗೊತ್ತು. ವಾಸನೆಯ ಲೆಕ್ಕ ಮಾತ್ರ ಯಾರೂ ಹಾಕಿದಂತಿಲ್ಲ.

ಉಳವಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿ, ದಟ್ಟ ಕಾಡಿನ ನಡುವೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಲ್ಲಿ ಘೋಷಣೆಯಾಗಿ, 2015ರಲ್ಲಿ ಕಾಳಿ ಎಂದು ಹೆಸರು ಬದಲಾಯಿತು. ಹೆಸರು ಹುಲಿಯದಾದರೂ ಕಾಲುದಾರಿಯಲ್ಲಿ ಮನುಷ್ಯನಿಗೆ ಎದುರಾಗಿ ಮೈ ಪರಚುವುದು ಹೆಚ್ಚಾಗಿ ಕರಡಿ. ದನ ಕಾಯಲು, ಸೌದೆ ತರಲು ಹೋದವರ ಮೇಲೆ ಕರಡಿ ಬಿದ್ದ ಸುದ್ದಿ ಜೋಯಿಡಾ ಕಡೆಯಿಂದ ಆಗಾಗ ಬರುತ್ತಲೇ ಇರುತ್ತದೆ.

"ದೇವರ ಜಾತ್ರಿಗೆ ಹೊಂಟೇವ್ರಿ, ಕರಡಿ ಏನ್ ಮಾಡ್ತೈತಿ ಬಿಡ್ರಿ" ಎನ್ನುವ ಹಿರಿಯರಿದ್ದಾರೆ. ಭಕ್ತಿ ಸರಿಯೇ. ಆದರೆ ಕರಡಿಗೆ ಜಾತ್ರೆ ಗೊತ್ತಿಲ್ಲ, ಬೆಲ್ಲ ಗೊತ್ತು!

ಈ ಪ್ರಾಣಿಗೆ ಕಣ್ಣು, ಕಿವಿ ಅಷ್ಟಕ್ಕಷ್ಟೆ. ಬದುಕೆಲ್ಲ ಮೂಗಿನ ಮೇಲೆ. ನೆಲದೊಳಗಿನ ಗೆದ್ದಲನ್ನು ವಾಸನೆಯಿಂದಲೇ ಪತ್ತೆ ಹಚ್ಚಿ, ಹುತ್ತ ಬಗೆದು, ಮೂತಿ ಇಟ್ಟು ಹೀರುತ್ತದೆ. ಹೀರಲು ಅನುಕೂಲವಾಗಲೆಂದೇ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲ. ಜೇನು, ಹಣ್ಣು ಎಂದರೆ ಪ್ರಾಣ.

ಇದಕ್ಕೆ ದೊಡ್ಡ ಸಾಕ್ಷಿ ದರೋಜಿ. ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಈ ಕರಡಿ ಧಾಮ 1994ರಲ್ಲಿ ಆಯಿತು. ಅಲ್ಲಿ ಪ್ರವಾಸಿಗರಿಗೆ ಕರಡಿ ತೋರಿಸಲು ಅರಣ್ಯ ಸಿಬ್ಬಂದಿ ಕಂಡುಕೊಂಡ ಉಪಾಯವೇ ಬಂಡೆಗೆ ಬೆಲ್ಲದ ಪಾಕ ಸವರುವುದು. ಮಧ್ಯಾಹ್ನ ಸವರಿದರೆ ಸಂಜೆಯೊಳಗೆ ಕರಡಿ ಹಾಜರು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಕಡೆ ದೀಪದ ಎಣ್ಣೆಗೂ ಒಡೆದ ಕಾಯಿಗೂ ಕರಡಿ ಗುಡಿಯೊಳಗೆ ನುಗ್ಗಿದ ಪ್ರಸಂಗಗಳೂ ಉಂಟು.

ದರೋಜಿಯಲ್ಲಿ ಬಂಡೆಗೆ ಬೆಲ್ಲ ಸವರಿ ಕರೆದರೆ, ಉಳವಿ ದಾರಿಯಲ್ಲಿ ಚಕ್ಕಡಿಗೇ ಬೆಲ್ಲ ತುಂಬಿಕೊಂಡು ಮಲಗಿದರೆ ಏನಾದೀತು?

ಚಕ್ಕಡಿಯಲ್ಲಿ ಇರುವುದಾದರೂ ಏನು? ಶೇಂಗಾ ಹೋಳಿಗೆ, ಕರಿಗಡಬು, ಮಾದಲಿ, ಗುರೆಳ್ಳು ಚಟ್ನಿ, ಒಳ್ಳೆಣ್ಣೆ. ಎತ್ತುಗಳಿಗೆಂದು ಶೇಂಗಾ ಹಿಂಡಿಯ ಚೀಲ ಬೇರೆ. ಇವೆಲ್ಲದರ ಪಕ್ಕದಲ್ಲೇ ಹಾಸಿಗೆ. ಒಲೆಯೂ ಅಲ್ಲೇ, ಮುಸುರೆ ನೀರು ಚೆಲ್ಲುವುದೂ ಅಲ್ಲೇ.

ಒಂದು ಮಾತು ಸ್ಪಷ್ಟವಾಗಬೇಕು. ಕರಡಿ ಮನುಷ್ಯನನ್ನು ತಿನ್ನಲು ಬರುವ ಪ್ರಾಣಿಯಲ್ಲ. ತೀರ ಹತ್ತಿರದಲ್ಲಿ ಅಕಸ್ಮಾತ್ ಎದುರಾದಾಗ ಗಾಬರಿಯಿಂದ ಮೇಲೆ ಬೀಳುತ್ತದೆ. ಮರಿ ಜೊತೆಗಿದ್ದರಂತೂ ಕೇಳುವುದೇ ಬೇಡ. ಚಳಿಗಾಲದಲ್ಲಿ ಮರಿ ಹಾಕಿದ ತಾಯಿ ಕರಡಿಗಳು ಅವನ್ನು ಬೆನ್ನ ಮೇಲೆ ಹೊತ್ತು ಓಡಾಡುವ ಕಾಲವೂ ಹೆಚ್ಚು ಕಡಿಮೆ ಜಾತ್ರೆಯ ಕಾಲವೇ. ವಾಸನೆ ಮಾಡುವ ಕೆಡುಕು ಇಷ್ಟೇ: ಎಲ್ಲೋ ಕಾಡಿನಲ್ಲಿ ಆಗಬಹುದಾದ ಆ ಅಕಸ್ಮಾತ್ತನ್ನು ಮಂದಿ ಮಲಗಿದ ಜಾಗಕ್ಕೇ ಕರೆತರುತ್ತದೆ. ರಾತ್ರಿ ಬಹಿರ್ದೆಸೆಗೆ ಎದ್ದವನು ಕತ್ತಲಲ್ಲಿ ಕರಡಿಯ ಮೇಲೆಯೇ ಕಾಲಿಟ್ಟಂತೆ.

ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಒಂದು ಕಾಲಕ್ಕೆ ಅಲ್ಲಿ ಹೋಟೆಲುಗಳ ಎಂಜಲು ಸುರಿದು, ತಿನ್ನಲು ಬಂದ ಕರಡಿಗಳನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಕೊನೆಗೆ 1970ರ ಸುಮಾರಿಗೆ ತಿಪ್ಪೆಗಳನ್ನು ಮುಚ್ಚಿದರು. ರುಚಿ ಹತ್ತಿದ ಕರಡಿಗಳು ಡೇರೆಗಳ ಕಡೆ ತಿರುಗಿದವು, ಅನೇಕವನ್ನು ಕೊಲ್ಲಬೇಕಾಯಿತು. ಈಗ ಅಂಥ ಕಾಡುಗಳಲ್ಲಿ ಅಡುಗೆ ಒಂದು ಕಡೆ, ಸಾಮಾನು ಒಂದು ಕಡೆ, ಮಲಗುವುದು ಅಲ್ಲಿಂದ ನೂರು ಗಜ ದೂರ ಎಂಬ ರೂಢಿ ಇದೆ. ಬುತ್ತಿಯನ್ನು ಮರಕ್ಕೆ ನೇತು ಹಾಕುವುದೂ ಉಂಟು. ಆದರೆ ಜೇನಿಗಾಗಿ ಸಲೀಸಾಗಿ ಮರ ಹತ್ತುವ ಈ ಕಡೆಯ ಕರಡಿಗೆ ಆ ಉಪಾಯವನ್ನು ನಂಬಿ ಕೂಡುವಂತಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಖರ್ಚಿನ ಕೆಲಸ ಒಂದೂ ಇಲ್ಲ. ಸಿಹಿ, ಎಣ್ಣೆ, ಚಟ್ನಿ ಬಿಗಿ ಮುಚ್ಚಳದ ಡಬ್ಬಿಗೆ, ಡಬ್ಬಿ ತಗಡಿನ ಟ್ರಂಕಿಗೆ. ಹಿಂಡಿ ಗೋಣಿಚೀಲದಲ್ಲಿ ಬೇಡ, ಮುಚ್ಚಳವಿರುವ ಡ್ರಮ್ಮಿನಲ್ಲಿರಲಿ. ಅಡುಗೆ ಹೊತ್ತು ಮುಳುಗುವ ಮೊದಲೇ ಮುಗಿಯಲಿ, ಮಲಗುವ ಜಾಗದಿಂದ ದೂರವಿರಲಿ. ಟ್ರಂಕೂ ಅಲ್ಲೇ ಉಳಿಯಲಿ, ತಲೆದಿಂಬಿನ ಬುಡಕ್ಕೆ ಬೇಡ. ಉಳಿದ ರೊಟ್ಟಿ ಎತ್ತಿನ ಬಾಯಿಗೆ ಹೋಗಲಿ, ಪೊದೆಗೆ ಬೀಳುವುದು ಬೇಡ. ರಾತ್ರಿ ಏಳುವವರು ಬ್ಯಾಟರಿ ಹಿಡಿದು, ಮಾತಾಡುತ್ತ, ಇಬ್ಬರಾಗಿ ಹೋಗಲಿ.

ಎಲ್ಲವನ್ನೂ ಭಕ್ತರ ತಲೆಗೆ ಕಟ್ಟಿ ಇಲಾಖೆ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬೀಡು ಬಿಡಲು ಗೊತ್ತಾದ ಜಾಗ, ನೀರು, ಬೆಳಕು, ಮುಚ್ಚಳದ ಕಸದ ತೊಟ್ಟಿ ಬೇಕೇ ಬೇಕು. ತುಂಬಿದ ತೊಟ್ಟಿ ಕತ್ತಲಾಗುವ ಮುಂಚೆ ಖಾಲಿಯಾಗಬೇಕು. ಇಲ್ಲವಾದರೆ ಅದೇ ಇನ್ನೊಂದು ಬೆಲ್ಲ ಸವರಿದ ಬಂಡೆ.

ಜಾತ್ರೆಯವರು ನಾಲ್ಕು ದಿನ ಇದ್ದು ಊರಿಗೆ ಮರಳುತ್ತಾರೆ. ವರ್ಷವಿಡೀ ಆ ಕಾಡಿನಲ್ಲಿ ಬದುಕುವವರು ಜೋಯಿಡಾದ ಕುಣಬಿಗಳು, ಗೌಳಿಗಳು. ಭಕ್ತರು ಹಚ್ಚಿದ ರುಚಿಗೆ ಕರಡಿ ಮನೆ ಬಾಗಿಲಿಗೆ ಬಂದರೆ ಮೈ ಕೊಡಬೇಕಾದವರು ಅವರು. ಒಂದು ದೊಡ್ಡ ಅನಾಹುತವಾದರೆ ಚಕ್ಕಡಿ ದಾರಿಯನ್ನೇ ಬಂದ್ ಮಾಡಿ ಎಂಬ ಕೂಗು ಏಳಲಿಕ್ಕೂ ತಡವಾಗದು. ತಲೆತಲಾಂತರದ ಪದ್ಧತಿ ಒಂದು ಚೀಲ ಹಿಂಡಿಯಿಂದ ನಿಂತು ಹೋಗಬೇಕೇ?

ಕಾಡಿನ ಗೇಟಿನಲ್ಲಿ ಬೋರ್ಡು ಹಾಕಿದರೆ ತಡವಾಯಿತೆಂದೇ ಲೆಕ್ಕ. ಅಷ್ಟೊತ್ತಿಗೆ ಬುತ್ತಿ ಕಟ್ಟಿ ಆಗಿರುತ್ತದೆ. ಎಚ್ಚರಿಕೆಯ ಚೀಟಿ ಅಂಟಬೇಕಾದದ್ದು ಚಿಕ್ಕೇರೂರು, ಹಾನಗಲ್ಲು, ಹಿರೇಕೆರೂರಿನ ಬಸ್ ನಿಲ್ದಾಣಗಳಲ್ಲಿ, ಬೆಲ್ಲ ತೂಗುವ ತಕ್ಕಡಿಯ ಪಕ್ಕದಲ್ಲಿ. "ಉಳವಿಗೇನ್ರೀ? ಹಂಗಾದ್ರ ಬಿಗಿ ಮುಚ್ಚಳದ ಡಬ್ಬಿ ತಗೊಂಡು ಹೋಗ್ರಿ" ಎಂದು ಅಂಗಡಿಯವರೇ ಒಂದು ಮಾತು ಹೇಳಿದರೂ ಸಾಕು. ವ್ಯಾಪಾರಕ್ಕೆ ವ್ಯಾಪಾರ, ಪುಣ್ಯಕ್ಕೆ ಪುಣ್ಯ.